ಮಗ ಬಿಟ್ಟುಹೋದ ಪೆಟ್ಟಿಗೆ

2025ರ ಏಪ್ರಿಲ್. ಈದ್ ಕಳೆದು ಎರಡು ವಾರವಾಗಿತ್ತು. ಮಂಗಳೂರಿನ ಆ ದಿನಗಳ ಸೆಕೆಯನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ. ಊಟ ಮುಗಿಸಿ ಎದ್ದರೆ ಬನಿಯನ್ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅಂಥ ಒಂದು ಮಧ್ಯಾಹ್ನ ಮಗಳು ಮಾಳಿಗೆಯಿಂದ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಉಪ್ಪಾ, ಅಣ್ಣನ ಕಂಪ್ಯೂಟರ್ ಮತ್ತೆ ತಾನಾಗಿಯೇ ಆಫ್ ಆಯಿತು" ಎಂದಳು. ಅವಳ ಸ್ವರದಲ್ಲಿ ಅಳು ಇತ್ತು.

ಅವಳು ಆರ್ಕಿಟೆಕ್ಚರ್ ಐದನೇ ವರ್ಷದವಳು. ಕೊನೆಯ ಪ್ರಾಜೆಕ್ಟ್ ಒಪ್ಪಿಸಲು ಆರು ದಿನ ಬಾಕಿಯಿತ್ತು. ಕಟ್ಟಡವೊಂದನ್ನು ಕಂಪ್ಯೂಟರಿನೊಳಗೇ ಕಟ್ಟಿ, ಅದರ ಮೇಲೆ ಬಿಸಿಲು ನೆರಳು ಬೀಳುವುದನ್ನೂ ಲೆಕ್ಕ ಹಾಕಿಸಿ ಚಿತ್ರವಾಗಿ ತೆಗೆಯುತ್ತಾರಂತೆ. ಮೊದಲು ಒಂದು ಚಿತ್ರಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಆ ವಾರ ಮೂರು ಗಂಟೆಯಾದರೂ ಮುಗಿಯುತ್ತಿರಲಿಲ್ಲ, ನಡುವೆ ಪೆಟ್ಟಿಗೆಯೇ ಆರಿಹೋಗುತ್ತಿತ್ತು. ಅವಳ ಲ್ಯಾಪ್‌ಟಾಪ್‌ಗೆ ಅಷ್ಟು ದೊಡ್ಡ ಕಡತವನ್ನು ತೆರೆಯುವ ತ್ರಾಣವೇ ಇರಲಿಲ್ಲ.

ಆ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಆಟಕ್ಕೆಂದೇ ಕಟ್ಟಿದ ಕಂಪ್ಯೂಟರ್. 2017ರಲ್ಲಿ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಎಸ್.ಪಿ. ರೋಡಿನ ಅಂಗಡಿಗಳಿಗೆ ಅಲೆದು, ಒಂದೊಂದೇ ಭಾಗ ಕೊಂಡು ತಾನೇ ಜೋಡಿಸಿದ್ದು. ಅದೇ ವರ್ಷದ ಜನವರಿಯಲ್ಲಿ ಬಂದಿದ್ದ ಇಂಟೆಲ್‌ನ ಐ7-7700ಕೆ ಪ್ರೊಸೆಸರ್. ಅದರ ನೆತ್ತಿಯ ಮೇಲೆ ಫ್ಯಾನ್ ಬದಲು ತಾಮ್ರದ ಒಂದು ಬಿಲ್ಲೆ. ಬಿಲ್ಲೆಯೊಳಗೆ ನೀರು. ನೀರನ್ನು ಓಡಿಸಲು ಪುಟ್ಟ ಪಂಪ್, ನೀರು ನಿಲ್ಲಲು ಗಾಜಿನಂತೆ ಕಾಣುವ ಅಕ್ರಿಲಿಕ್ ಟ್ಯಾಂಕ್, ನೀರು ತಣಿಯಲು ರೇಡಿಯೇಟರ್, ಅದಕ್ಕೆ ಮೂರು ಫ್ಯಾನ್. ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲಾಗಿತ್ತು. ಆಗ ನಮ್ಮ ಮನೆಯ ಸಾಲ ಇನ್ನೂ ತೀರಿರಲಿಲ್ಲ. ಫೋನಿನಲ್ಲಿ ನಾನು, "ಆಡಲಿಕ್ಕೆ ಒಂದೂವರೆ ಲಕ್ಷವಾ? ಅದಕ್ಕೆ ನೀರು ಬೇರೆ ಕುಡಿಸುತ್ತೀಯಾ?" ಎಂದಿದ್ದೆ. ಅವನು ಆ ತಿಂಗಳೂ ಸಾಲದ ಕಂತು ಕಳಿಸಿದ್ದ, ತಪ್ಪಿಸಿರಲಿಲ್ಲ. ಅದನ್ನು ನಾನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಈ ಮಾತು ಆಡಬಾರದಿತ್ತು, ಯಾಕೆಂದರೆ ನನ್ನ ಅನ್ನವೂ ರೇಡಿಯೇಟರ್‌ನಿಂದಲೇ ಬಂದದ್ದು. 1988ರಿಂದ 2007ರ ತನಕ ಶಾರ್ಜಾದ ಒಂದು ಗ್ಯಾರೇಜಿನಲ್ಲಿ ನನ್ನ ಕೆಲಸ ಅದೇ. ಕಾರು, ಲಾರಿಗಳ ರೇಡಿಯೇಟರ್ ಬಿಚ್ಚುವುದು, ತೊಳೆಯುವುದು, ಬೆಸುಗೆ ಹಾಕುವುದು. ಮರುಭೂಮಿಯ ಬಿಸಿಲಿಗೆ ಕುದ್ದು ನಿಂತ ಎಷ್ಟು ಗಾಡಿಗಳನ್ನು ನೋಡಿದ್ದೇನೋ. ನಲ್ಲಿಯ ನೀರನ್ನು ರೇಡಿಯೇಟರಿಗೆ ತುಂಬಿಸಿಕೊಂಡು ಬಂದವರನ್ನು ನಾನು ಬೈಯುತ್ತಿದ್ದೆ. ಕೆಲವರು ನನ್ನ ಬೈಗುಳಕ್ಕೆ ಹೆದರಿ ಬೇರೆ ಗ್ಯಾರೇಜಿಗೆ ಹೋದದ್ದೂ ಉಂಟು. ಈ ವಿಷಯ ಮುಂದೆ ಬರುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುವ ಮೊದಲು ಮಗ ಆ ಪೆಟ್ಟಿಗೆಯ ನೀರು ತೆಗೆದು, ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಹಸುಗೂಸಿನಂತೆ ಮಲಗಿಸಿಕೊಂಡು ಊರಿಗೆ ತಂದ. ಮಾಳಿಗೆಯ ಕೋಣೆಯಲ್ಲಿ ಅದು ನೀಲಿ ಬೆಳಕು ಬೀರುತ್ತಾ ಕೂತಿತು. ರಾತ್ರಿಯಿಡೀ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದರ ಮುಂದೆ. ಸುಬಹಿ ನಮಾಝಿಗೆ ಎಬ್ಬಿಸಿದರೆ ಏಳುತ್ತಿರಲಿಲ್ಲ. ಮಸೀದಿಗಳು ಮುಚ್ಚಿ ಮನೆಯಲ್ಲೇ ನಮಾಝ್ ಮಾಡುತ್ತಿದ್ದ ಆ ದಿನಗಳಲ್ಲಿ, ಮಗನಿದ್ದೂ ನಾನೊಬ್ಬನೇ ನಿಲ್ಲುವಂತಾಗುತ್ತಿತ್ತು. ಒಂದು ರಾತ್ರಿ ಎರಡು ಗಂಟೆಗೆ ಮಾಳಿಗೆ ಹತ್ತಿದೆ. ಏನೋ ಬಣ್ಣಬಣ್ಣದ್ದು ಪರದೆಯ ಮೇಲೆ ಓಡುತ್ತಿತ್ತು. ನಾನು ಒಂದು ಮಾತೂ ಕೇಳದೆ ಗೋಡೆಯ ಪ್ಲಗ್ ಕಿತ್ತೆ.

ಅದು ಆಟವಾಗಿರಲಿಲ್ಲ. ಬೆಳಗಾಗುವುದರೊಳಗೆ ಕಂಪೆನಿಗೆ ಕೊಡಬೇಕಾಗಿದ್ದ ಕೆಲಸ. ಎರಡು ರಾತ್ರಿಯ ದುಡಿಮೆ ಹೋಯಿತು. ಅವನು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕೂಗಲಿಲ್ಲ. ಕತ್ತಲಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಮೆಲ್ಲಗೆ ಪ್ಲಗ್ ಸಿಕ್ಕಿಸಿ, ಮೊದಲಿನಿಂದ ಶುರು ಮಾಡಿದ. 2022ರಲ್ಲಿ ದೋಹಾಕ್ಕೆ ಹೋದ ಮೇಲೆ ಫೋನ್ ಬರುವುದು ತಾಯಿಗೆ. ಕೊನೆಗೆ, "ಉಪ್ಪನಿಗೆ ಸಲಾಂ ಹೇಳಿ" ಎನ್ನುತ್ತಾನೆ. ನಾನೂ ಪಕ್ಕದಲ್ಲೇ ಕೂತಿದ್ದು, "ಅವನಿಗೂ ಹೇಳು" ಎನ್ನುತ್ತೇನೆ. ಮೂರು ವರ್ಷ ನಮ್ಮ ನಡುವೆ ಇದ್ದದ್ದು ಇಷ್ಟೇ ಮಾತು. ಜಗಳವೆಂದು ಹೇಳುವಂತಿಲ್ಲ. ಜಗಳವಾದರೆ ರಾಜಿ ಮಾಡಿಸಲು ಯಾರಾದರೂ ಬರುತ್ತಾರೆ.

ಇರಲಿ, ಕಂಪ್ಯೂಟರಿಗೆ ಬರುತ್ತೇನೆ. ಮೊದಲು ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದೆವು. ಅಲ್ಲಿಯ ಹುಡುಗ ಪಕ್ಕದ ಗಾಜು ತೆಗೆದು ನೋಡಿದವನೇ ಕೈ ಹಿಂದಕ್ಕೆಳೆದುಕೊಂಡ. "ನೀರು ಹಾಕಿದ್ದನ್ನು ನಾವು ಮುಟ್ಟುವುದಿಲ್ಲ ಸಾರ್. ಇದು ಏಳನೇ ಜನರೇಶನ್. ವಿಂಡೋಸ್ 11 ಇದಕ್ಕಾಗುವುದಿಲ್ಲ, ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಪೋರ್ಟೂ ನಿಲ್ಲುತ್ತದೆ. ಹೊಸದು ತೆಗೆದುಕೊಳ್ಳಿ" ಎಂದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆರು ದಿನದೊಳಗೆ ಅಷ್ಟು ಹಣ ಹೊಂದಿಸುವುದು ನಮ್ಮಿಂದಾಗದ ಮಾತು. ಆಟೋದಲ್ಲಿ ಹಿಂದೆ ಬರುವಾಗ ಮಗಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದಳು. "ನಾವೇ ನೋಡುವ. ಇದೂ ರೇಡಿಯೇಟರೇ ಅಲ್ಲವಾ?" ಎಂದೆ. ಧೈರ್ಯಕ್ಕೆ ಹೇಳಿದ ಮಾತು.

ಶಾಖ ತೋರಿಸುವ ಒಂದು ಉಚಿತ ಸಾಧನವನ್ನು ಅವಳು ಕಂಪ್ಯೂಟರಿಗೆ ಹಾಕಿಕೊಂಡಿದ್ದಳು. ಸುಮ್ಮನೆ ಕೂತಿರುವಾಗಲೇ ಪ್ರೊಸೆಸರ್ 58 ಡಿಗ್ರಿ. ಚಿತ್ರ ತೆಗೆಯಲು ಶುರು ಮಾಡಿದೊಡನೆ, ಐದಾರು ಸೆಕೆಂಡಿನಲ್ಲಿ 100. ಈ ಪ್ರೊಸೆಸರಿಗೆ 100 ಡಿಗ್ರಿಯೇ ಮಿತಿ. ಅಲ್ಲಿ ಮುಟ್ಟಿದೊಡನೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನಲವತ್ತು ನಿಮಿಷದ ಕೆಲಸ ಮೂರು ಗಂಟೆಯಾದದ್ದು ಅದಕ್ಕೇ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಪೂರ್ತಿ ಆರಿಹೋಗುತ್ತದೆ.

ರೇಡಿಯೇಟರಿನ ಮನುಷ್ಯನಾದ ನಾನು ಮೊದಲು ರೇಡಿಯೇಟರನ್ನೇ ಹಿಡಿದೆ. ಫ್ಯಾನ್ ಬಿಚ್ಚಿದರೆ ರೆಕ್ಕೆಗಳ ನಡುವೆ ಕಂಬಳಿಯಂತೆ ಧೂಳು. ಬೆಕ್ಕಿನ ರೋಮ, ಉಮ್ಮ ಗುರುವಾರ ರಾತ್ರಿ ಹಾಕುವ ಬುಖೂರಿನ ಹೊಗೆಯ ಜಿಡ್ಡು ಎಲ್ಲ ಸೇರಿ ಹೆಪ್ಪುಗಟ್ಟಿತ್ತು. ಬ್ಲೋವರ್ ಹಿಡಿದೆ, ಪೇಂಟ್ ಬ್ರಶ್ಶಿನಿಂದ ಕೆರೆದೆ. ತುಂಬ ಸಂತೋಷದಿಂದ ಮತ್ತೆ ಓಡಿಸಿದೆವು. ಎರಡು ಡಿಗ್ರಿ ಇಳಿಯಿತು, ಅಷ್ಟೇ.

ಮರುದಿನ ತಾಮ್ರದ ಬಿಲ್ಲೆ ಎತ್ತಿದೆವು. ಅದಕ್ಕೂ ಪ್ರೊಸೆಸರಿಗೂ ನಡುವೆ ಒಂದು ಪೇಸ್ಟ್ ಇರುತ್ತದೆ. ಎರಡು ಲೋಹದ ಮೈಗಳು ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಗಾಳಿ ಉಳಿಯುತ್ತದೆ, ಗಾಳಿ ಶಾಖವನ್ನು ದಾಟಿಸದು. ಆ ಸಂದುಗಳನ್ನು ತುಂಬಲೆಂದು ಈ ಪೇಸ್ಟ್. ಎಂಟು ವರ್ಷದಲ್ಲಿ ಅದು ಒಣಗಿ ಗೋಡೆಯ ಸುಣ್ಣದಂತಾಗಿತ್ತು. ಸ್ಪಿರಿಟ್‌ನಿಂದ ಒರೆಸಿ, ಹೊಸ ಪೇಸ್ಟನ್ನು ಬಟಾಣಿಯಷ್ಟು ನಡುವಿಗೆ ಹಾಕಿ ಬಿಲ್ಲೆ ಬಿಗಿದೆವು. ಸುಮ್ಮನಿರುವಾಗ 51ಕ್ಕೆ ಬಂತು. ಆದರೆ ಕೆಲಸ ಕೊಟ್ಟರೆ ಇಪ್ಪತ್ತು ಸೆಕೆಂಡಿನಲ್ಲಿ ಮತ್ತೆ 100. ನಾಲ್ಕು ದಿನ ಉಳಿದಿತ್ತು.

ಆ ರಾತ್ರಿ ನನ್ನ ಹೆಂಡತಿ ಏನೂ ಹೇಳದೆ ಫೋನನ್ನು ನನ್ನ ಕೈಗಿಟ್ಟಳು. ಪರದೆಯ ಮೇಲೆ ಮಗ. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು. ಸಲಾಂ ಆಯಿತು. ಆಮೇಲೆ ಇಬ್ಬರಿಗೂ ಮಾತಿಲ್ಲ. ಕೊನೆಗೆ ಅವನೇ, "ಟೆಂಪರೇಚರ್ ಎಷ್ಟು ಹೊತ್ತಿನಲ್ಲಿ ಏರುತ್ತದೆ ಉಪ್ಪಾ?" ಎಂದ. "ಇಪ್ಪತ್ತು ಸೆಕೆಂಡ್" ಎಂದೆ.

"ಹಾಗಾದರೆ ರೇಡಿಯೇಟರಿನದ್ದಲ್ಲ" ಎಂದ. ಲೆಕ್ಕ ಹೇಳಿದ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4200 ಜೂಲ್ ಶಾಖ ಬೇಕು. ಈ ಪ್ರೊಸೆಸರ್ ಪೂರ್ತಿ ದುಡಿದಾಗ ಬಿಡುವ ಶಾಖ 91 ವಾಟ್ ಎಂದು ತಯಾರಕರ ಲೆಕ್ಕ. ಅಂದರೆ ಸೆಕೆಂಡಿಗೆ 91 ಜೂಲ್. ಫ್ಯಾನೇ ಇಲ್ಲ ಎಂದಿಟ್ಟುಕೊಂಡರೂ ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಮುಕ್ಕಾಲು ನಿಮಿಷ ಹಿಡಿಯುತ್ತದೆ, ಮೂವತ್ತು ಡಿಗ್ರಿ ಏರಲು ಇಪ್ಪತ್ತು ನಿಮಿಷದ ಮೇಲೆ. ರೇಡಿಯೇಟರ್ ಕೆಟ್ಟಿದ್ದರೆ ಬಿಸಿ ನಿಧಾನವಾಗಿ ಏರಬೇಕು. ಸೆಕೆಂಡುಗಳಲ್ಲಿ ಏರುತ್ತದೆ ಎಂದರೆ ಶಾಖ ನೀರಿನವರೆಗೆ ತಲುಪುತ್ತಲೇ ಇಲ್ಲ, ಇಲ್ಲವೇ ತಲುಪಿದ ನೀರು ಅಲ್ಲಿಂದ ಕದಲುತ್ತಿಲ್ಲ.

ಹತ್ತೊಂಬತ್ತು ವರ್ಷ ರೇಡಿಯೇಟರ್ ಬಿಚ್ಚಿದ ನನಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ. ನಾನೂ ಬಿಡಲಿಲ್ಲ. "ಬಿಲ್ಲೆಯ ಎರಡು ಕೊಳವೆ ಮುಟ್ಟಿ ನೋಡಿದ್ದೇನೆ. ಒಂದು ಬಿಸಿ, ಒಂದು ತಣ್ಣಗೆ. ನೀರು ಓಡುತ್ತಿದೆ, ತಣಿಯುತ್ತಲೂ ಇದೆ" ಎಂದೆ. ಕಾರಿನಲ್ಲಿ ಹಾಗೆಯೇ ಅಲ್ಲವೇ, ಮೇಲಿನ ಹೋಸಿಗಿಂತ ಕೆಳಗಿನದು ತಂಪಾಗಿರಬೇಕು. ಅವನು ಮೊದಲ ಬಾರಿ ಸ್ವಲ್ಪ ನಕ್ಕ. "ಇಲ್ಲ ಉಪ್ಪಾ. ಕಾರಿನ ಶಾಖ ಎಲ್ಲಿ, ಇದರ ಶಾಖ ಎಲ್ಲಿ. ಇಲ್ಲಿ ನೀರು ಸರಿಯಾಗಿ ಓಡಿದರೆ ಎರಡೂ ಕೊಳವೆ ಕೈಗೆ ಒಂದೇ ಥರ ಇರಬೇಕು. ಹೆಚ್ಚೆಂದರೆ ಒಂದೆರಡು ಡಿಗ್ರಿ ವ್ಯತ್ಯಾಸ. ಕೈಗೆ ಗೊತ್ತಾಗುವಷ್ಟು ವ್ಯತ್ಯಾಸ ಇದ್ದರೆ ನೀರು ತೆವಳುತ್ತಿದೆ ಎಂದೇ ಅರ್ಥ."

ನಾನು ಒಳ್ಳೆಯ ಲಕ್ಷಣ ಎಂದುಕೊಂಡದ್ದೇ ರೋಗದ ಲಕ್ಷಣವಾಗಿತ್ತು.

ಪಂಪ್ ಸತ್ತಿದೆಯೋ ಎಂದು ಅವನಿಗೆ ಸಂಶಯ. ಅದನ್ನು ಮಾತ್ರ ನಾನು ನೋಡಿಕೊಂಡೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿದೆ. ಎಂಜಿನ್ನಿನ ಬೇರಿಂಗ್ ಕೇಳುವುದು ಹೀಗೆಯೇ. ಸಣ್ಣಗೆ, ಒಂದೇ ಸಮ ಗುಂಯ್ ಎನ್ನುತ್ತಿತ್ತು. ಗರಗರವಿಲ್ಲ, ತಡೆಯಿಲ್ಲ. "ಪಂಪ್ ಗಟ್ಟಿ ಇದೆ" ಎಂದೆ. "ಅದು ಕಿವಿಯಲ್ಲಿ ಹೇಗೆ ಗೊತ್ತಾಗುತ್ತದೆ?" ಎಂದು ಅವನು ಕೇಳಿದ. ಫೋನನ್ನೇ ಸ್ಕ್ರೂಡ್ರೈವರಿನ ಹಿಡಿಗೆ ಹಿಡಿದು ಕೇಳಿಸಿದೆ. ದೋಹಾದಲ್ಲಿ ಏನು ಕೇಳಿಸಿತೋ ಗೊತ್ತಿಲ್ಲ, ಅವನು ತುಂಬ ಹೊತ್ತು ಸುಮ್ಮನೆ ಕೇಳುತ್ತಿದ್ದ.

ಇಲ್ಲಿ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ, ನಮ್ಮ ಭಾಷಣಗಳಲ್ಲಿ, ವಿಜ್ಞಾನದ ಮಾತು ಬಂದರೆ ಅಲ್ ಜಝರಿ ಬಂದೇ ಬರುತ್ತಾನೆ. 1206ರಲ್ಲಿ ಯಂತ್ರಗಳ ಗ್ರಂಥ ಬರೆದವನು, ನೀರೆತ್ತುವ ಪಂಪಿನ ಚಿತ್ರ ಬಿಡಿಸಿದವನು ಎಂದು ನಾವು ಎದೆ ಉಬ್ಬಿಸುತ್ತೇವೆ. ಉಬ್ಬಿಸಲಿ, ತಪ್ಪಿಲ್ಲ. ಆದರೆ ನಮ್ಮ ಮನೆಯ ಮಾಳಿಗೆಯಲ್ಲಿ ಒಬ್ಬ ಹುಡುಗ ಪಂಪು, ಕೊಳವೆ, ತಾಮ್ರ ಹಿಡಿದು ಕೂತರೆ ಅದನ್ನು ಪೋಲಿ ಆಟ ಎನ್ನುತ್ತೇವೆ. ಅಲ್ ಜಝರಿಯೂ ಅರಮನೆಯವರ ಮನರಂಜನೆಗೆಂದು ಆಟಿಕೆಗಳನ್ನು ಮಾಡಿದ್ದ, ಅವುಗಳಲ್ಲೂ ನೀರೇ ಓಡುತ್ತಿತ್ತು ಎಂಬುದು ನನಗೆ ನೆನಪಾದದ್ದು ಈ ಪ್ರಾಯದಲ್ಲಿ.

ಪಂಪ್ ತಿರುಗುತ್ತಿದೆ, ನೀರು ಓಡುತ್ತಿಲ್ಲ. ಹಾಗಾದರೆ ಎಲ್ಲೋ ಕಟ್ಟಿದೆ. ಬೆಳಗ್ಗೆ ನೀರು ಹರಿಸಿದೆವು. ಕೊಳವೆಯಿಂದ ಬಕೆಟಿಗೆ ಬಿದ್ದದ್ದು ಚಹಾದ ಬಣ್ಣದ್ದು, ಹಳೆ ಹೂದಾನಿಯ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಬಕೆಟನ್ನೇ ನೋಡುತ್ತಾ ನಿಂತೆ. ತಳದಲ್ಲಿ ಕೂರುತ್ತಿದ್ದ ಆ ಕೆಂಪು ಯಾವುದೆಂದು ನನಗೆ ಗೊತ್ತಿತ್ತು.

2023ರ ಒಂದು ದಿನ. ಮನೆಯಲ್ಲಿ ಯಾರೂ ಇರಲಿಲ್ಲ. ಮಾಳಿಗೆಗೆ ಹೋಗಿ ಆ ಪೆಟ್ಟಿಗೆಯ ಧೂಳು ಒರೆಸುತ್ತಿದ್ದೆ. ನಾನು ಹಾಗೆ ಒರೆಸುತ್ತಿದ್ದೆ ಎಂಬುದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಟ್ಯಾಂಕಿನಲ್ಲಿ ನೀರು ಅರ್ಧಕ್ಕಿಳಿದಿತ್ತು. ಇಂಥ ಕೊಳವೆಗಳ ಮೂಲಕ ನೀರು ವರ್ಷಗಳಲ್ಲಿ ಅಷ್ಟಷ್ಟೇ ಆವಿಯಾಗಿ ಹೋಗುತ್ತದೆ, ಸೋರಿಕೆಯೇ ಬೇಕೆಂದಿಲ್ಲ. ಮಗನಿಗೆ ಫೋನ್ ಮಾಡಿ ಏನು ಹಾಕಬೇಕು ಎಂದು ಕೇಳಬಹುದಿತ್ತು. ಕೇಳಲು ಬಾಯಿ ಬರಲಿಲ್ಲ. ಕೆಳಗಿಳಿದು ಬಾವಿಯಿಂದ ಒಂದು ಚೊಂಬು ನೀರು ತಂದು ಹೊಯ್ದೆ. ನಮ್ಮದು ಕೆಂಪುಕಲ್ಲು ಕೊರೆದು ತೋಡಿದ ಬಾವಿ. ರಾತ್ರಿ ತುಂಬಿಟ್ಟ ಬಕೆಟಿನ ತಳದಲ್ಲಿ ಬೆಳಗ್ಗೆ ಕಬ್ಬಿಣದ ಕೆಂಪು ಕೂತಿರುತ್ತದೆ. ಕಾರಿನ ರೇಡಿಯೇಟರಾಗಿದ್ದರೆ ನಾನು ಆ ನೀರನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆಟಿಕೆಗೆ ಇಷ್ಟು ಸಾಕು ಎಂದುಕೊಂಡೆ.

ಬಿಲ್ಲೆಯ ತಿರುಪು ಬಿಚ್ಚಿ ಒಳಗೆ ನೋಡಿದೆವು. ತಾಮ್ರದ ಮೈಯಲ್ಲಿ ಕೂದಲಿನಂಥ ಗೆರೆಗಳು. ಒಂದಕ್ಕೊಂದರ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ನೀರಿಗೆ ಹೆಚ್ಚು ತಾಮ್ರ ತಾಗಲಿ ಎಂದು ಹಾಗೆ ಮಾಡಿದ್ದು. ಅಷ್ಟೂ ಸಂದುಗಳಲ್ಲಿ ಕಂದು ಬಣ್ಣದ ಅಂಟು. ಕೊಳವೆಯ ಪ್ಲಾಸ್ಟಿಕ್ಕಿನಿಂದಲೂ ವರ್ಷಗಳಲ್ಲಿ ಬಿಳಿ ಜಿಡ್ಡು ಇಳಿದು ಇಲ್ಲಿ ಸೇರುತ್ತದಂತೆ. ಅದರ ಮೇಲೆ ನನ್ನ ಬಾವಿಯ ಕೆಂಪು, ಪಾಚಿ. ಮಗಳು ಫೋಟೋ ತೆಗೆದು ಅಣ್ಣನಿಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಯಾರಾದರೂ ಇದಕ್ಕೆ ನೀರು ಹಾಕಿದ್ದರಾ?"

ಮಗಳು, "ನಾನಲ್ಲಪ್ಪ" ಎಂದಳು. ನಾನು ಫೋನ್ ಕೈಗೆ ತೆಗೆದುಕೊಂಡೆ. "ನಾನು ಹಾಕಿದೆ. ಬಾವಿಯ ನೀರು. ಎರಡು ವರ್ಷವಾಯಿತು" ಎಂದೆ. ಆಮೇಲೆ ಹೇಗೆ ಬಂತೋ ತಿಳಿಯದು, "ಆ ರಾತ್ರಿ ಪ್ಲಗ್ ಕಿತ್ತದ್ದೂ ನನ್ನ ತಪ್ಪು" ಎಂದೂ ಹೇಳಿಬಿಟ್ಟೆ. ಮಗಳು ಬ್ರಶ್ ಹುಡುಕುವ ನೆಪದಲ್ಲಿ ಕೆಳಗಿಳಿದು ಹೋದಳು.

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. "ವಿನೆಗರ್ ಇದೆಯಾ ಮನೆಯಲ್ಲಿ?" ಎಂದ. ಸ್ವರ ಸ್ವಲ್ಪ ದಪ್ಪಗಾಗಿತ್ತು. "ಅರ್ಧ ನೀರು ಬೆರೆಸಿ ಬಿಲ್ಲೆಯನ್ನು ಒಂದು ಗಂಟೆ ಮುಳುಗಿಸಿಡಿ. ಮೆತ್ತಗಿನ ಹಲ್ಲಿನ ಬ್ರಶ್ಶಿನಿಂದ ಗೆರೆಗಳ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಬೇಡ. ಟ್ಯಾಂಕಿಗೆ ಸ್ಪಿರಿಟ್ ತಾಗಿಸಬೇಡಿ, ಅಕ್ರಿಲಿಕ್ ಬಿರಿಯುತ್ತದೆ."

ಉಪ್ಪಿನಕಾಯಿಗೆ ತಂದಿಟ್ಟ ವಿನೆಗರ್ ಖಾಲಿಯಾಯಿತು. ತಾಮ್ರ ಹೊಸ ಚೆಂಬಿನಂತೆ ಹೊಳೆಯಿತು. ಒಳಗೆಲ್ಲ ಶುದ್ಧ ನೀರು ಓಡಿಸಿ ಎರಡೆರಡು ಸಲ ತೊಳೆದೆವು. ಹಾಕಲು ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. "ತುಕ್ಕು, ಪಾಚಿ ತಡೆಯಲು ಏನು ಹಾಕಲಿ?" ಎಂದದ್ದಕ್ಕೆ ಅವನು, "ಕಾರಿನ ಕೂಲಂಟ್ ಸ್ವಲ್ಪ ಸಾಕು. ಮೊದಲು ಕಂಪ್ಯೂಟರಿಗೆ ನೀರು ಹಾಕಲು ಶುರು ಮಾಡಿದವರೆಲ್ಲ ಅದನ್ನೇ ಹಾಕುತ್ತಿದ್ದರು. ಅದರಲ್ಲಿ ನನಗಿಂತ ನಿಮಗೆ ಹೆಚ್ಚು ಗೊತ್ತು" ಎಂದ. ಹೌದು, ಅದು ನನಗೆ ಗೊತ್ತು. ಆ ಹಸಿರು ದ್ರವ ಸಿಹಿ, ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ಬೆಕ್ಕು ನೆಕ್ಕಿದರೆ ಸಾಯುತ್ತದೆ. ಬೆಕ್ಕನ್ನು ಕೋಣೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದೆ.

ಆಗ ಒಂದು ಸಣ್ಣ ಜಗಳವಾಯಿತು. ಎಲ್ಲ ಜೋಡಿಸಿ ಸಂಜೆಯಾಗಿತ್ತು. ಎರಡು ದಿನ ಮಾತ್ರ ಉಳಿದಿತ್ತು, ಮಗಳಿಗೆ ಒಂದು ರಾತ್ರಿಯನ್ನೂ ಕಳೆಯುವ ಮನಸ್ಸಿಲ್ಲ. ನನಗೂ ಆತುರ. ಮಗ ಒಪ್ಪಲಿಲ್ಲ. "ಬೋರ್ಡಿನ ಎಲ್ಲ ವಯರ್ ತೆಗೆಯಿರಿ. ಪಂಪಿಗೆ ಮಾತ್ರ ಕರೆಂಟು. ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಇಟ್ಟು ರಾತ್ರಿಯಿಡೀ ಓಡಲಿ" ಎಂದ. ಬೋರ್ಡಿಲ್ಲದೆ ಕರೆಂಟು ಬರಲು ಇಪ್ಪತ್ನಾಲ್ಕು ಪಿನ್ನಿನ ಪ್ಲಗ್ಗಿನಲ್ಲಿ ಯಾವ ಎರಡು ತೂತುಗಳಿಗೆ ಪೇಪರ್ ಕ್ಲಿಪ್ ಸಿಕ್ಕಿಸಬೇಕು ಎಂದು ಫೋನಿನಲ್ಲೇ ತೋರಿಸಿದ. "ನಾನು ಬಿಗಿದ ಜಾಯಿಂಟ್ ಸೋರಿದ್ದಿಲ್ಲ" ಎಂದೆ. "ಗೊತ್ತು. ಆದರೂ ಒಂದು ರಾತ್ರಿ" ಎಂದ.

ಸುಬಹಿ ನಮಾಝ್ ಮುಗಿಸಿ ಮಾಳಿಗೆ ಹತ್ತಿ ಟಾರ್ಚ್ ಹಾಕಿದೆ. ಏಳು ಟಿಶ್ಯೂ ಒಣಗಿದ್ದವು. ಎಂಟನೆಯದು, ರೇಡಿಯೇಟರಿನ ಕೆಳಗಿನದು, ಹಸಿರಾಗಿ ಒದ್ದೆಯಾಗಿತ್ತು. ಅದರ ನೇರ ಕೆಳಗೆ ಇದ್ದದ್ದು ಗ್ರಾಫಿಕ್ಸ್ ಕಾರ್ಡ್. ಬಿಚ್ಚಿ ನೋಡಿದರೆ ರಬ್ಬರಿನ ಬಳೆ ಮಡಚಿಕೊಂಡು ಕೂತಿತ್ತು, ನಾನೇ ಬಿಗಿದ ಜಾಯಿಂಟ್. ಸರಿಪಡಿಸಿ, ಹೊಸ ಟಿಶ್ಯೂ ಇಟ್ಟು, ಮಧ್ಯಾಹ್ನದ ತನಕ ಕಾದೆವು. ಈ ಸಲ ಎಂಟೂ ಒಣಗಿದ್ದವು.

ಗುಂಡಿ ಒತ್ತಿದಾಗ ಕೋಣೆಯ ಶಾಖ 32. ಪ್ರೊಸೆಸರ್ 39. ಮಗಳು ಚಿತ್ರ ತೆಗೆಯಲು ಹಾಕಿದಳು. 60, 66, 70. ಒಂದು ಗಂಟೆ ಕಳೆದರೂ 74ರ ಆಚೆ ಹೋಗಲಿಲ್ಲ. ಎರಡೂ ಕೊಳವೆ ಮುಟ್ಟಿ ನೋಡಿದೆ. ಕೈಗೆ ಒಂದೇ ಥರ. ಆ ರಾತ್ರಿಯೂ ಮರುದಿನವೂ ಪೆಟ್ಟಿಗೆ ನಿಲ್ಲದೆ ದುಡಿಯಿತು. ನಡುವೆ ಕರೆಂಟು ಹೋಗದಿರಲಿ ಎಂದು ಉಮ್ಮ ದುಆ ಮಾಡುತ್ತಾ ಕೂತಿದ್ದರು. ಮಗಳು ಸಮಯಕ್ಕೆ ಸರಿಯಾಗಿ ಒಪ್ಪಿಸಿದಳು.

ಮಗನ ಫೋನ್ ಈಗ ನನ್ನ ನಂಬರಿಗೂ ಬರುತ್ತದೆ. ಹೆಚ್ಚು ಮಾತೇನಿಲ್ಲ. ಪ್ರೊಸೆಸರ್ ಎಷ್ಟಿದೆ ಎಂದು ಕೇಳುತ್ತಾನೆ, ಹೇಳುತ್ತೇನೆ. ಅಲ್ಲಿ ಸೆಕೆ ಎಷ್ಟು ಎಂದು ನಾನು ಕೇಳುತ್ತೇನೆ. ನೀರು ವರ್ಷಕ್ಕೊಮ್ಮೆ ಬದಲಿಸಬೇಕು ಎಂದಿದ್ದಾನೆ. ಶಾರ್ಜಾದಲ್ಲಿ ಆಯಿಲ್ ಬದಲಿಸಿದ ಗಾಡಿಗಳ ಬಾಗಿಲಿಗೆ ನಾವು ಒಂದು ಚೀಟಿ ಅಂಟಿಸುತ್ತಿದ್ದೆವು, ಬದಲಿಸಿದ ದಿನ, ಮುಂದೆ ಬದಲಿಸಬೇಕಾದ ದಿನ, ಬದಲಿಸಿದವನ ಸಹಿ. ಅಂಥದೇ ಒಂದು ಚೀಟಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದೇನೆ.